ಟೆಂಟ್ ಮಡಚಿದ ಮೇಲೆ

ನಿವೃತ್ತಿಯಾದ ಮೇಲೆ ಬೆಟ್ಟಕ್ಕೆ ಹೊರಡುವವರು ಕೇಳುವ ಪ್ರಶ್ನೆಗಳೆಲ್ಲ ಹತ್ತುವುದರ ಬಗ್ಗೆಯೇ ಇರುತ್ತವೆ. ಈ ವಯಸ್ಸಿನಲ್ಲಿ ಹತ್ತಲಿಕ್ಕಾದೀತೇ, ಉಸಿರು ಸಾಲದೆ ಹೋದರೆ ಏನು ಗತಿ, ಯಾವ ಚೀಲ ಒಳ್ಳೆಯದು. ಇಳಿಯುವುದು ಹೇಗೆ ಎಂದು ಕೇಳುವವರು ಕಡಿಮೆ. ಮನೆಗೆ ಬಂದು ಸೇರುವುದು ಹೇಗೆ ಎಂದಂತೂ ಯಾರೂ ಕೇಳುವುದಿಲ್ಲ. ಅದಕ್ಕೇ ಇವತ್ತು ಹತ್ತುವ ಮಾತನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮಾತಾಡೋಣ.

ಹತ್ತುವಾಗ ನಿಮಗೆ ಒಬ್ಬ ಕಾವಲುಗಾರ ಇರುತ್ತಾನೆ, ಅವನ ಹೆಸರು ಏದುಸಿರು. ಶಕ್ತಿ ಮೀರಿತು ಅಂದ ಕೂಡಲೇ ಅವನು ನಿಲ್ಲಿಸಿಬಿಡುತ್ತಾನೆ. ಕೂರುತ್ತೀರಿ, ನೀರು ಕುಡಿಯುತ್ತೀರಿ, ಬೇಡವೆನಿಸಿದರೆ ಅಲ್ಲಿಂದಲೇ ವಾಪಸು. ಇಳಿಯುವಾಗ ಆ ಕಾವಲುಗಾರ ಇಲ್ಲ. ಉಸಿರು ಆರಾಮಾಗಿರುತ್ತದೆ, ಪಕ್ಕದವರ ಜೊತೆ ಮಾತೂ ನಡೆದಿರುತ್ತದೆ. ತೊಡೆಯ ಸ್ನಾಯು ಸೋತುಹೋಗಿದೆ ಎಂದು ತಿಳಿಯುವುದು ಮಂಡಿ ಮಡಚಿಕೊಂಡು ಕೆಳಗೆ ಕೂತಾಗಲೇ.

ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಮನೆಗೆ ಯಾವಾಗ ಸೇರಬೇಕು, ಅದಕ್ಕೆ ಯಾವ ಬಸ್ಸು, ಆ ಬಸ್ಸಿಗೆ ಎಷ್ಟು ಹೊತ್ತಿಗೆ ಕೆಳಗಿರಬೇಕು, ಹಾಗಿದ್ದರೆ ತುದಿಯಿಂದ ಎಷ್ಟು ಹೊತ್ತಿಗೆ ತಿರುಗಬೇಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಕುದುರೆಮುಖದ ತುದಿ 1,894 ಮೀಟರ್. ಮುಳ್ಳೋಡಿಯ ಕಡೆಯಿಂದ ಹೋದರೆ ಒಂದು ದಿಕ್ಕಿಗೆ ಸುಮಾರು ಒಂಬತ್ತು ಕಿಲೋಮೀಟರ್, ಏರಿಕೆ ಸುಮಾರು 900 ಮೀಟರ್ ಎಂದಿಟ್ಟುಕೊಳ್ಳಿ. ಅದು ರಾಷ್ಟ್ರೀಯ ಉದ್ಯಾನ, ಒಳಗೆ ಟೆಂಟ್ ಹಾಕುವ ಹಾಗಿಲ್ಲ, ಸಂಜೆಯೊಳಗೆ ಇಳಿದು ಬರಲೇಬೇಕು. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ. ಗಂಟೆಗೆ ಐದು ಕಿಲೋಮೀಟರ್ ನಡಿಗೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆ ಪ್ರಕಾರ ನಡಿಗೆಗೆ ಒಂದು ಗಂಟೆ ಐವತ್ತು ನಿಮಿಷ, ಏರಿಕೆಗೆ ಒಂದೂವರೆ ಗಂಟೆ, ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ. ಇದು ಗಟ್ಟಿಮುಟ್ಟಾದ ಯುವಕರ ಲೆಕ್ಕ. ಅರವತ್ತು ದಾಟಿದವರು ಇದನ್ನು ಒಂದೂವರೆಯಿಂದ ಗುಣಿಸಿಕೊಳ್ಳಿ, ಐದು ಗಂಟೆ. ಇಳಿಯಲು ಇದರ ಅರ್ಧ ಸಾಕು ಅಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಸಡಿಲ ಕಲ್ಲು, ಒದ್ದೆ ಹುಲ್ಲು, ಬೇರುಗಳ ಮೇಲೆ ಈ ವಯಸ್ಸಿನ ಇಳಿತ ಏರಿಕೆಗಿಂತ ಬಹಳ ವೇಗವಾಗಿರುವುದಿಲ್ಲ; ನಾಲ್ಕು ಗಂಟೆ ಇಡಿ. ಊಟಕ್ಕೆ, ಕೂರುವುದಕ್ಕೆ ಒಂದು ಗಂಟೆ. ಒಟ್ಟು ಹತ್ತು ಗಂಟೆಯಾಯಿತು. ಬೆಳಿಗ್ಗೆ ಆರೂವರೆಗೆ ಹೊರಟರೆ ಸಂಜೆ ನಾಲ್ಕೂವರೆ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಶೋಲಾ ಕಾಡಿನೊಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಅಂದರೆ ನಿಮ್ಮ ಕೈಯಲ್ಲಿ ಉಳಿದದ್ದು ಒಂದೇ ಗಂಟೆ. ಯಾರದೋ ಕಾಲು ಉಳುಕಿದರೂ ಆ ಒಂದು ಗಂಟೆಯಲ್ಲೇ ಸುಧಾರಿಸಿಕೊಳ್ಳಬೇಕು.

ಆದ್ದರಿಂದ ತುದಿ ಸಿಗಲಿ ಬಿಡಲಿ, ಹನ್ನೊಂದೂವರೆಗೆ ತಿರುಗುತ್ತೇವೆ ಎಂದು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಬೆಟ್ಟದ ಮೇಲೆ ನಿಂತು ತೀರ್ಮಾನ ಮಾಡಲು ಹೋಗಬೇಡಿ. "ಇನ್ನು ಹತ್ತೇ ನಿಮಿಷ ಸಾರ್" ಎನ್ನುವವನು ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ.

ಟೆಂಟ್ ಎಲ್ಲಿ ಹಾಕುವುದು ಎಂಬ ಮಾತು ಹೇಗೂ ಬಂತು. ನಮ್ಮ ಘಟ್ಟದಲ್ಲಿ ಬೇಕಾದಲ್ಲಿ ಟೆಂಟ್ ಹಾಕುವ ಕಾಲ ಮುಗಿದಿದೆ. ಕುಮಾರ ಪರ್ವತದ ತುದಿಯಲ್ಲೂ ರಾತ್ರಿ ಉಳಿಯಲು ಬಿಡುವುದಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಮ್ಮ ವಯಸ್ಸಿನವರಿಗೆ ಇದು ಒಳ್ಳೆಯದೇ ಆಯಿತು. ಹೋಂಸ್ಟೇ ಅಂಗಳ, ತೋಟದ ಬಯಲು, ಜಂಗಲ್ ಲಾಡ್ಜಸ್‌ನವರ ಟೆಂಟ್, ಇವೆಲ್ಲ ವಾಹನ ತಲುಪುವ ಜಾಗಗಳು. ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಅಲ್ಲಿಗೆ ಜೀಪು ಬರುತ್ತದೆ, 1,700 ಮೀಟರ್ ಎತ್ತರದ ಬಂಡೆಯ ಮೇಲಕ್ಕೆ ಬರುವುದಿಲ್ಲ. ಕೆಳಗೆ ಟೆಂಟ್ ಬಿಟ್ಟು, ಬೆನ್ನ ಮೇಲೆ ನಾಲ್ಕೈದು ಕೆ.ಜಿ. ಮಾತ್ರ ಇಟ್ಟುಕೊಂಡು ಹಗಲಿನಲ್ಲಿ ಹತ್ತಿ ಇಳಿಯುವುದು ಮಂಡಿಗೂ ಹಿತ.

ಇನ್ನು ಇಳಿಯುವ ಅಭ್ಯಾಸ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಎಳೆದುಕೊಳ್ಳುತ್ತಲೇ ಭಾರ ತಡೆಯಬೇಕು. ಹಗ್ಗ ಹಿಡಿದು ಕೊಡವನ್ನು ನಿಧಾನಕ್ಕೆ ಬಾವಿಗೆ ಬಿಡುವ ಹಾಗೆ. ಹತ್ತುವ ಅಭ್ಯಾಸದಿಂದ ಈ ಕೆಲಸಕ್ಕೆ ಸ್ನಾಯು ತಯಾರಾಗುವುದಿಲ್ಲ, ಸಮತಟ್ಟು ಪಾರ್ಕಿನಲ್ಲಿ ದಿನಾ ಎಂಟು ಸುತ್ತು ಹಾಕಿದರೂ ಆಗುವುದಿಲ್ಲ. ಮನೆಯ ಒಂದು ಮಹಡಿ ಸುಮಾರು ಮೂರು ಮೀಟರ್. 900 ಮೀಟರ್ ಇಳಿಯುವುದು ಅಂದರೆ ಮುನ್ನೂರು ಮಹಡಿ ಇಳಿದ ಹಾಗೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿಯಿರಿ. ವಾರಕ್ಕೆ ಎರಡು ದಿನ ಸಾಕು, ಮೊದಲ ವಾರ ಹತ್ತು ಮಹಡಿ, ಎಂಟು ವಾರದ ಹೊತ್ತಿಗೆ ಐವತ್ತು ಅರವತ್ತು. ಕೈಗೆ ಸಿಗುವ ಹಾಗೆ ಕಂಬಿ ಪಕ್ಕದಲ್ಲಿರಲಿ.

ಮೈಸೂರಿನವರನ್ನು ನೋಡಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಬೆಳಿಗ್ಗೆ ಹತ್ತಿ, ದೇವಿಗೆ ಕೈಮುಗಿದು, ಬಸ್ಸಿನಲ್ಲಿ ಇಳಿದು ಬರುತ್ತಾರೆ. ಪುಣ್ಯಕ್ಕೆ ಅದು ಸರಿ. ಚಾರಣದ ತಯಾರಿಗೆ ತಿರುಗಾಮುರುಗಾ! ಬಸ್ಸಿನಲ್ಲಿ ಹೋಗಿ ನಡೆದು ಇಳಿಯಬೇಕು.

ಎರಡು ಊರುಗೋಲು ಇಟ್ಟುಕೊಳ್ಳುವುದು ಮುದಿತನದ ಗುರುತು ಎಂದು ಸಂಕೋಚ ಪಡುವವರು ಇಲ್ಲಿಯೂ ಇದ್ದೀರಿ ಅಂತ ಗೊತ್ತು. ಆ ಸಂಕೋಚ ಬಿಡಿ. ಒಂದಲ್ಲ, ಎರಡು ಕೋಲು ಬೇಕು. ಸಮತಟ್ಟಿನಲ್ಲಿ ಹಿಡಿ ಹಿಡಿದಾಗ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಹೆಚ್ಚಿಸಿಕೊಳ್ಳಿ. ಕೋಲು ಮೊದಲು ಕೆಳಗೆ, ಭಾರ ಕೈಗೆ, ಆಮೇಲೆ ಕಾಲು. ಹೆಜ್ಜೆ ಚಿಕ್ಕದಿರಲಿ, ಮಂಡಿ ಪೂರ್ತಿ ನೇರವಾಗದೆ ತುಸು ಬಾಗಿರಲಿ. ಕೋಲಿನ ದಾರದ ಕುಣಿಕೆಯೊಳಗೆ ಕೈ ತೂರಿಸಿ ಕಡಿದಾದ ಜಾಗದಲ್ಲಿ ಇಳಿಯಬೇಡಿ. ಬಿದ್ದಾಗ ಕೈ ಬಿಡಿಸಿಕೊಳ್ಳಲಾಗದೆ ಮಣಿಕಟ್ಟೋ ಹೆಬ್ಬೆರಳೋ ಪೆಟ್ಟು ತಿನ್ನುತ್ತದೆ. ತಿರುಪಿನ ಕೋಲುಗಳು ಸರಿಯಾಗಿ ಬಿಗಿಯದಿದ್ದರೆ ಭಾರ ಬಿದ್ದಾಗ ಒಳಗೆ ಜಾರುತ್ತವೆ, ಅದಕ್ಕಿಂತ ಕ್ಲಿಪ್ ಹಾಕುವ ಬಗೆ ಮೇಲು.

ಶೂ ಬಗ್ಗೆ ಒಂದು ಎಚ್ಚರಿಕೆ, ಇದು ವಿಶೇಷವಾಗಿ ನಿವೃತ್ತರಿಗೇ. ಹತ್ತು ವರ್ಷದ ಹಿಂದೆ ಮಗ ತಂದುಕೊಟ್ಟದ್ದು, ಎರಡೇ ಸಲ ಹಾಕಿದ್ದು, ಹೊಸದರ ಹಾಗೇ ಇದೆ ಎಂದು ಅಟ್ಟದಿಂದ ಇಳಿಸಿಕೊಂಡು ಬರುತ್ತೀರಿ. ಅನೇಕ ಶೂಗಳ ಅಟ್ಟೆಯ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನಿನದು. ಗಾಳಿಯ ತೇವಾಂಶ ಅದನ್ನು ಒಳಗಿಂದೊಳಗೇ ಒಡೆಯುತ್ತದೆ, ಹಾಕದೆ ಮುಚ್ಚಿಟ್ಟ ಶೂಗಳಲ್ಲಂತೂ ಇನ್ನೂ ಬೇಗ. ನೋಡಲು ಚೆನ್ನಾಗಿಯೇ ಇರುತ್ತದೆ. ನಾಲ್ಕು ಕಿಲೋಮೀಟರ್ ನಡೆದ ಮೇಲೆ ಅಟ್ಟೆ ಪೂರ್ತಿ ಕಳಚಿ, ರಸ್ಕಿನ ಪುಡಿಯ ಹಾಗೆ ಉದುರುತ್ತದೆ. ಒಂದು ಕಳಚಿದರೆ ಇನ್ನೊಂದು ಅದೇ ದಿನ ಕಳಚುವುದು ಸಾಮಾನ್ಯ. ಅಂಟು ಹಾಕಿದರೆ ನಿಲ್ಲುವುದಿಲ್ಲ, ಅಂಟು ಹಿಡಿಯಬೇಕಾದ ಪದರವೇ ಪುಡಿಯಾಗಿರುತ್ತದೆ. ಹೊರಡುವ ಎರಡು ವಾರ ಮೊದಲು ಹಳೆಯ ಶೂ ಹಾಕಿಕೊಂಡು ಆರೇಳು ಕಿಲೋಮೀಟರ್ ನಡೆದು ನೋಡಿ, ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಒತ್ತಿ ನೋಡಿ. ಬಿರುಕು ಕಂಡರೆ ಹೊಸದು ಕೊಳ್ಳಿ. ದಾರಿಯಲ್ಲೇ ಕೈಕೊಟ್ಟರೆ ನೈಲಾನ್ ಹುರಿಯಿಂದ ಶೂ ಸುತ್ತ ಎರಡು ಕಡೆ ಕಟ್ಟಿ ಇಳಿಯಬಹುದು, ಆ ಹುರಿ ಮೂರು ಮೀಟರ್ ಚೀಲದಲ್ಲಿ ಇದ್ದರೆ.

ಹೊಸ ಶೂ ಕೊಳ್ಳುವಾಗ ಸಂಜೆ ಹೋಗಿ, ದಪ್ಪ ಕಾಲುಚೀಲ ಹಾಕಿಕೊಂಡು ಹೋಗಿ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿ. ಇಳಿಯುವಾಗ ಕಾಲು ಮುಂದೆ ಜಾರಿ ಉಗುರು ಶೂ ಮೂತಿಗೆ ಬಡಿಯುತ್ತಾ ಬಂದರೆ, ಮನೆಗೆ ಬಂದಾಗ ಹೆಬ್ಬೆರಳು ಕಪ್ಪಾಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಅದು ಚಿಕ್ಕ ಮಾತಲ್ಲ.

ಈಗ ರಾತ್ರಿಗೆ ಬರೋಣ. ಟೆಂಟಿನಲ್ಲಿ ನಮ್ಮ ವಯಸ್ಸಿನವರಿಗೆ ನಿಜವಾದ ಅಪಾಯ ಚಿರತೆಯೂ ಅಲ್ಲ, ಹಾವೂ ಅಲ್ಲ. ರಾತ್ರಿ ಮೂತ್ರಕ್ಕೆ ಏಳುವುದು. ನಗಬೇಡಿ, ಮನೆಯಲ್ಲಿ ಏನಾಗುತ್ತದೆ ನೋಡಿ. ಮಂಚದಿಂದ ಕಾಲು ಇಳಿಬಿಟ್ಟು, ಗೋಡೆ ಹಿಡಿದು, ಹತ್ತು ಹೆಜ್ಜೆ. ಟೆಂಟಿನಲ್ಲಿ ನೆಲದಿಂದ ಮಂಡಿಯೂರಿ, ಜಿಪ್ ಹುಡುಕಿ, ಬಾಗಿ ತೆವಳಿ ಹೊರಬಂದು, ತಟ್ಟನೆ ಎದ್ದು ನಿಲ್ಲಬೇಕು. ರಕ್ತದೊತ್ತಡದ ಮಾತ್ರೆ ನುಂಗುವವರಿಗೆ, ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಹಾಗೆ ಎದ್ದಾಗ ಒತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ಅದೇ ಹೊತ್ತಿಗೆ ಟೆಂಟಿನ ಹುರಿ ಕಾಲಿಗೆ ಸಿಕ್ಕುತ್ತದೆ.

ಇದಕ್ಕೆಲ್ಲ ಉಪಾಯ ಇದೆ. ಒಬ್ಬರಿಗೆ ಇಬ್ಬರ ಟೆಂಟ್, ಇಬ್ಬರಿಗೆ ಮೂರು-ನಾಲ್ಕು ಜನರ ಟೆಂಟ್ ತೆಗೆದುಕೊಳ್ಳಿ. ಟೆಂಟಿನ ಮೇಲೆ ಬರೆದಿರುವ ಸಂಖ್ಯೆ ಮೈಗೆ ಮೈ ತಾಗಿಸಿ ಮಲಗುವವರ ಲೆಕ್ಕ. ಒಳಗಿನ ಎತ್ತರ 120 ಸೆಂಟಿಮೀಟರಿಗೆ ಕಡಿಮೆಯಿದ್ದರೆ ಕೂತು ಪ್ಯಾಂಟ್ ಹಾಕಿಕೊಳ್ಳುವುದೂ ಕಷ್ಟ. ಇಬ್ಬರಿಗೂ ಬೇರೆ ಬೇರೆ ಬಾಗಿಲಿರಲಿ, ತಲೆಯ ಕಡೆಗಲ್ಲ, ಪಕ್ಕದಲ್ಲಿ. ವಾಹನ ಹತ್ತಿರ ಬರುವ ಜಾಗವಾದರೆ ಮಡಚುವ ಕ್ಯಾಂಪ್ ಮಂಚ ಒಯ್ಯಿರಿ. ನಾಲ್ಕೈದು ಕೆ.ಜಿ. ಭಾರವಾದರೂ, ಮೊಣಕಾಲೆತ್ತರದಿಂದ ಏಳುವುದಕ್ಕೂ ನೆಲದಿಂದ ಏಳುವುದಕ್ಕೂ ಅಜಗಜಾಂತರ. ಹುರಿಗಳಿಗೆಲ್ಲ ಹಗಲೇ ಬಿಳಿ ಬಟ್ಟೆಯ ಚೂರು ಕಟ್ಟಿಬಿಡಿ. ಹಳೆಯ ಪಂಚೆ ಹರಿದರೆ ಸಾಕು. ಏಳುವಾಗ ಮೊದಲು ಕೂತು ನೂರು ಎಣಿಸಿ, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಎದ್ದು ನಿಂತು ಕೋಲು ಹಿಡಿದು ಮತ್ತೆ ಹತ್ತು ಎಣಿಸಿ. ಚಪ್ಪಲಿ ಹಾಕುವ ಮುಂಚೆ ಕೊಡವಿ. ಗಂಡಸರು ಅಗಲ ಬಾಯಿಯ ಬಾಟಲಿ ಒಂದನ್ನು ಒಳಗೇ ಇಟ್ಟುಕೊಳ್ಳುವುದು ಅಸಹ್ಯವೇನಲ್ಲ, ಕುಡಿಯುವ ನೀರಿನ ಬಾಟಲಿಗಿಂತ ಅದರ ಆಕಾರವೇ ಬೇರೆ ಇರಲಿ ಅಷ್ಟೇ.

ಮೂತ್ರದ ಭಯಕ್ಕೆ ಸಂಜೆ ನಾಲ್ಕರಿಂದ ನೀರು ಬಿಡುವವರಿದ್ದಾರೆ. ಅದು ತಪ್ಪು. ದಿನದ ನೀರಿನಲ್ಲಿ ಹೆಚ್ಚು ಪಾಲನ್ನು ಬೆಳಿಗ್ಗೆ, ಮಧ್ಯಾಹ್ನ ಕುಡಿದು ಮುಗಿಸಿ, ರಾತ್ರಿ ಊಟದ ಜೊತೆ ಒಂದು ಲೋಟಕ್ಕೆ ನಿಲ್ಲಿಸಿ, ಮಲಗುವ ಮುಂಚೆ ಚಹಾ ಬೇಡ.

ಚಳಿ ಎಷ್ಟಿರುತ್ತದೆ ಎಂದು ಅಂದಾಜಿಸಲು ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಸಿಕೊಳ್ಳಿ. ಕರಾವಳಿಯಲ್ಲಿ ಬೆಳಗಿನ ಜಾವ 20 ಡಿಗ್ರಿ ಇದ್ದರೆ ಘಟ್ಟದ ಮೇಲೆ ಸಾವಿರದೈನೂರು ಮೀಟರಿನಲ್ಲಿ ಹತ್ತರ ಆಸುಪಾಸು. ಕಂಬಳಿ ಎಷ್ಟೇ ಹೊದ್ದರೂ ಕೆಳಗಿನ ಚಾಪೆ ತೆಳುವಾಗಿದ್ದರೆ ನೆಲ ಶಾಖ ಎಳೆದುಬಿಡುತ್ತದೆ, ಆದ್ದರಿಂದ ಹಣವನ್ನು ಹೊದಿಕೆಗಿಂತ ಮೊದಲು ಹಾಸಿಗೆಗೆ ಹಾಕಿ. ಗಾಳಿ ತುಂಬುವ ಚಾಪೆ ಒಯ್ದರೆ ಅದರಡಿಗೆ ಒಂದು ಫೋಮ್ ಹಾಳೆಯೂ ಇರಲಿ. ಮುಳ್ಳು ಚುಚ್ಚಿದ ರಾತ್ರಿ ಅದರ ಬೆಲೆ ಗೊತ್ತಾಗುತ್ತದೆ. ಚಳಿಯೆಂದು ಟೆಂಟಿನ ಕಿಂಡಿಗಳನ್ನೆಲ್ಲ ಮುಚ್ಚಿದರೆ ನಿಮ್ಮ ಉಸಿರಿನ ನೀರೇ ಒಳಬಟ್ಟೆಗೆ ಕಟ್ಟಿ ಬೆಳಿಗ್ಗೆ ಮೈಮೇಲೆ ತೊಟ್ಟಿಕ್ಕುತ್ತದೆ. ಮಳೆಯಾಗದಿದ್ದರೂ ಟೆಂಟ್ ಸೋರಿತು ಎಂದು ದೂರುವವರದೆಲ್ಲ ಬಹುಪಾಲು ಇದೇ ಕಥೆ. ಕೆಂಡದ ಅಗ್ಗಿಷ್ಟಿಕೆಯನ್ನು, ಉರಿ ಇಲ್ಲ ಬರೀ ಕೆಂಡ ಅಂದರೂ, ಟೆಂಟಿನೊಳಗೆ ತರಲೇಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಹೊಗೆಯಿಲ್ಲ, ಎಚ್ಚರವಾಗುವುದಿಲ್ಲ.

ಊಟದ ಬಗ್ಗೆ ನಿಮಗೆ ಹೇಳಬೇಕಾದ್ದೇನೂ ಇಲ್ಲ. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ ಇಷ್ಟಿದ್ದರೆ ಕನ್ನಡಿಗ ಎಲ್ಲಿಯೂ ಬದುಕುತ್ತಾನೆ.

ಮಾತ್ರೆಗಳ ವಿಷಯ ಮಾತ್ರ ಹಾಗಲ್ಲ. ಎರಡು ದಿನದ ಪ್ರವಾಸಕ್ಕೆ ನಾಲ್ಕು ದಿನದ ಮಾತ್ರೆ, ಎರಡು ಭಾಗ ಮಾಡಿ ಎರಡು ಚೀಲದಲ್ಲಿ. ಒಂದು ಹೊಳೆಗೆ ಬಿದ್ದರೆ ಇನ್ನೊಂದಿರಲಿ. ಬಳಸುತ್ತಿರುವ ಇನ್ಸುಲಿನ್ ಪೆನ್ 30 ಡಿಗ್ರಿ ಮೀರದ ಜಾಗದಲ್ಲಿ ಬಹುತೇಕ ಬಗೆಗಳಲ್ಲಿ ನಾಲ್ಕು ವಾರ ತಡೆಯುತ್ತದೆ. ಕೆಡುವುದು ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನಲ್ಲಿ. ಹಿಮಾಲಯಕ್ಕೆ ಹೋಗುವವರಿಗೆ ಸಮಸ್ಯೆ ತಿರುವುಮುರುವು, ಅಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಿಷ್ಪ್ರಯೋಜಕ, ಮೈಗೆ ತಾಗಿಸಿ ಮಲಗಬೇಕು. ದಿನಪೂರ್ತಿ ನಡೆದಾಗ ಸಕ್ಕರೆ ಇಳಿಯುವುದು ನಡೆಯುವಾಗ ಮಾತ್ರವಲ್ಲ, ಆ ರಾತ್ರಿ ನಿದ್ದೆಯಲ್ಲೂ ಇಳಿಯುತ್ತದೆ. ಗ್ಲಿಮಿಪಿರೈಡ್ ಬಗೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ದಿನದ ಪ್ರಮಾಣವನ್ನು ಹೊರಡುವ ಮುಂಚೆಯೇ ವೈದ್ಯರ ಹತ್ತಿರ ಕೇಳಿ ಬರೆಸಿಕೊಳ್ಳಿ. ಗ್ಲುಕೋಸ್ ಪುಡಿ ಚೀಲದ ತಳದಲ್ಲಿ ಅಲ್ಲ, ಅಂಗಿಯ ಜೇಬಿನಲ್ಲಿರಲಿ.

ನೋವಿನ ಮಾತ್ರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮಂಡಿ ನೋವೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವುದು ನಮಗೆಲ್ಲ ಅಭ್ಯಾಸ. ಬೆವತು ಮೈಯ ನೀರು ಇಳಿದಿರುತ್ತದೆ. ಜೊತೆಗೆ ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆ, ಅದರಲ್ಲೇ ಸೇರಿಕೊಂಡ ನೀರಿಳಿಸುವ ಮಾತ್ರೆ. ಈ ಮೂರರ ಜೊತೆ ನೋವಿನ ಮಾತ್ರೆ ಸೇರಿದರೆ ಮೂತ್ರಪಿಂಡಕ್ಕೆ ರಕ್ತ ಹರಿಯುವ ಒತ್ತಡ ಎಲ್ಲ ದಿಕ್ಕಿನಿಂದಲೂ ಕಡಿಮೆಯಾಗುತ್ತದೆ. ಬೇರೆ ದಿನ ಏನೂ ಮಾಡದ ಮಾತ್ರೆ ಅವತ್ತು ಮಾಡಬಹುದು. ಬೆಟ್ಟದಲ್ಲಿ ನೋವಿಗೆ ಪ್ಯಾರಾಸಿಟಮಾಲ್ ಸಾಕು, ಮೇಲೆ ಹಚ್ಚುವ ಮುಲಾಮು, ಮಂಡಿಗೆ ಪಟ್ಟಿ.

ಕೊನೆಯ ಬೆಳಿಗ್ಗೆ. ಟೆಂಟ್ ಮಡಚುವಾಗ ಎಲ್ಲರೂ ಅವಸರದಲ್ಲಿರುತ್ತಾರೆ, ಮನಸ್ಸು ಆಗಲೇ ಊರು ಸೇರಿರುತ್ತದೆ. ಒದ್ದೆ ಮೇಲ್ಹೊದಿಕೆಯನ್ನು ಒಳಗಿನ ಟೆಂಟಿನ ಜೊತೆ ಸುತ್ತಬೇಡಿ, ಪ್ರತ್ಯೇಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಕಂಬಿಗಳನ್ನು ತುದಿಯಿಂದ ಮಡಚುತ್ತಾ ಹೋಗದೆ ಮಧ್ಯದಿಂದ ಮಡಚಿ; ಒಳಗಿನ ಎಲಾಸ್ಟಿಕ್ ದಾರಕ್ಕೆ ಎಳೆತ ಎರಡೂ ಕಡೆ ಸಮ ಬೀಳುತ್ತದೆ, ದಾರ ಹೆಚ್ಚು ವರ್ಷ ಬಾಳುತ್ತದೆ. ಮೊಳೆಗಳನ್ನು ಎಣಿಸಿ. ಅಂಗಳದಲ್ಲಿ ಬಿಟ್ಟು ಬಂದ ಒಂದು ಮೊಳೆ ಆ ಮನೆಯ ಹಸುವಿನ ಗೊರಸಿಗೆ ನಾಟುತ್ತದೆ.

ವಾಪಸು ಬರುವ ದಿನವೇ ಇನ್ನೂರು ಮುನ್ನೂರು ಕಿಲೋಮೀಟರ್ ಕಾರು ನಡೆಸುವ ಹುಮ್ಮಸ್ಸು ಬೇಡ. ಹಿಂದಿನ ರಾತ್ರಿ ಅರೆನಿದ್ದೆ, ಹಗಲೆಲ್ಲ ನಡಿಗೆ, ಹೊಟ್ಟೆ ತುಂಬ ಊಟ, ಮುಂದೆ ಶಿರಾಡಿಯದೋ ಚಾರ್ಮಾಡಿಯದೋ ತಿರುವುಗಳು. ಕ್ಲಚ್ ಒತ್ತುವ ಕಾಲೇ ನಡುಗುತ್ತಿರುತ್ತದೆ. ಒಂದು ರಾತ್ರಿ ಕೆಳಗೆ ಉಳಿದು ಮರುದಿನ ಬೆಳಿಗ್ಗೆ ಹೊರಡಿ. ನಿವೃತ್ತಿಯ ದೊಡ್ಡ ಲಾಭ ಅದೇ ಅಲ್ಲವೇ, ಸೋಮವಾರ ಹಾಜರಿ ಪುಸ್ತಕ ಇಲ್ಲ!

ಬಸ್ಸಿನಲ್ಲಿ ಬರುವವರು ಕಾಲಿನ ಕಡೆ ಗಮನ ಇಡಬೇಕು. ನಾಲ್ಕು ಗಂಟೆಗೂ ಹೆಚ್ಚು ಕಾಲು ಮಡಚಿ ಕೂತರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ, ಮೈಯಲ್ಲಿ ನೀರು ಕಡಿಮೆಯಿದ್ದರೆ ಇನ್ನಷ್ಟು. ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಮೂವತ್ತು ಸಲ. ಬಸ್ಸು ಚಹಾಕ್ಕೆ ನಿಂತಾಗ ಇಳಿದು ಓಡಾಡಿ. ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇದೆ, ಹೋಗುವಾಗ ಧಾರಾಳವಾಗಿ ಬಳಸಿ. ಬರುವಾಗ ಮಾತ್ರ ದುಡ್ಡು ಕೊಟ್ಟು ಕಾಲು ಚಾಚಿ ಮಲಗುವ ಸ್ಲೀಪರ್ ಹತ್ತಿ.

ಮನೆ ಬಾಗಿಲಿಗೆ ಬಂದಿರಿ. ಚೀಲ ಒಳಗೆ ತರಬೇಡಿ. ಬಾಲ್ಕನಿಯಲ್ಲೋ ಹಿತ್ತಿಲಲ್ಲೋ ಇಡಿ. ಹಾಕಿಕೊಂಡ ಬಟ್ಟೆ ನೇರ ಬಿಸಿನೀರಿಗೆ. ಸ್ನಾನಕ್ಕೆ ಹೋಗುವಾಗ ಕನ್ನಡಿ ಮುಂದೆ ನಿಂತು ಮೈ ನೋಡಿಕೊಳ್ಳಿ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ, ತೊಡೆಯ ಸಂದು, ಮಂಡಿಯ ಹಿಂಭಾಗ. ನಮ್ಮ ಕಣ್ಣಿಗೆ ಎಳ್ಳಿನಷ್ಟು ಗಾತ್ರದ್ದು ಕಾಣುವುದಿಲ್ಲ, ಕನ್ನಡಕ ಹಾಕಿಕೊಳ್ಳಿ, ಗಂಡ ಹೆಂಡಿರಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ನೋಡಿ. ಹುಡುಕುತ್ತಿರುವುದು ಉಣುಗನ್ನು, ಕೆಲವು ಕಡೆ ಉಣ್ಣಿ ಅನ್ನುತ್ತಾರೆ.

ಇಂಬಳಕ್ಕೆ ಹೆದರುವ ಜನ ಉಣುಗಿಗೆ ಹೆದರುವುದಿಲ್ಲ. ಹೆದರಬೇಕಾದದ್ದು ಉಣುಗಿಗೆ. ಇಂಬಳ ಮಳೆಗಾಲದ್ದು, ಹೊಟ್ಟೆ ತುಂಬಿದರೆ ತಾನೇ ಬೀಳುತ್ತದೆ, ರೋಗ ತರುವುದಿಲ್ಲ ಎಂದೇ ಹೇಳಬಹುದು. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯವರಿಗೆ ಅದು ಕಚ್ಚಿದ ಜಾಗದಿಂದ ಗಂಟೆಗಟ್ಟಲೆ ರಕ್ತ ಜಿನುಗಬಹುದು, ಬಟ್ಟೆ ಮಡಚಿ ಬಿಗಿಯಾಗಿ ಒತ್ತಿ ಹಿಡಿಯಬೇಕು, ಅಷ್ಟೇ. ಉಣುಗಿನ ಕಥೆ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಬರುವುದು ಉಣುಗು ಕಚ್ಚಿ. ಅದರ ಮರಿಗಳು ತರಗೆಲೆಯಲ್ಲಿ ಹೆಚ್ಚುವುದು ಮಳೆ ನಿಂತ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಆಕಾಶ ತಿಳಿಯಾಗಿ, ಇಂಬಳ ಮಾಯವಾಗಿ, ನೀವೆಲ್ಲ ಚಾರಣಕ್ಕೆ ಒಳ್ಳೆಯ ಕಾಲ ಎಂದು ಹೊರಡುವ ತಿಂಗಳುಗಳು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿಗೆ ಆ ಕಾಲದಲ್ಲಿ ಹೋದರೆ ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕಚ್ಚಿಕೊಂಡ ಉಣುಗನ್ನು ತೆಗೆಯಲು ಚೂಪು ತುದಿಯ ಚಿಮಟ ಬೇಕು. ಚರ್ಮಕ್ಕೆ ಆದಷ್ಟು ಹತ್ತಿರ, ಅದರ ಬಾಯಿಯ ಕಡೆ ಹಿಡಿದು, ತಿರುಚದೆ ನೇರಕ್ಕೆ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿಯ ಬೆಂಕಿ ತಾಗಿಸುವುದು, ಸುಣ್ಣ ಹಚ್ಚುವುದು ಬೇಡ. ಹಾಗೆ ಹಿಂಸೆಯಾದಾಗ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಲ್ಲಿ ಕುಕ್ಕಿ ಸಾಯಿಸಲೂ ಬೇಡಿ. ಗಾಯವನ್ನು ಸೋಪಿನಲ್ಲಿ ತೊಳೆದು, ಯಾವ ದಿನ ಕಂಡಿತು ಎಂದು ಬರೆದಿಡಿ.

ಸ್ನಾನ, ಊಟ, ನಿದ್ದೆ. ಆದರೆ ಟೆಂಟನ್ನು ನಾಳೆ ನೋಡೋಣ ಎನ್ನಬೇಡಿ, ನಾಳೆ ಅನ್ನುವುದು ಮುಂದಿನ ಡಿಸೆಂಬರ್ ಆಗಿಬಿಡುತ್ತದೆ. ಒದ್ದೆ ಬಟ್ಟೆಯನ್ನು ಎರಡು ಮೂರು ದಿನ ಸುತ್ತಿಟ್ಟರೆ ಬೂಷ್ಟು ಕಪ್ಪು ಚುಕ್ಕಿಯಾಗಿ ನಾಟುತ್ತದೆ, ಆ ಕಲೆ ಹೋಗುವುದಿಲ್ಲ. ನೀರು ತಡೆಯುವ ಲೇಪವೂ ಶೂ ಅಟ್ಟೆಯ ಸಂಬಂಧಿಯೇ, ತೇವಕ್ಕೆ ಒಡೆದು ಜಿಗುಟಾಗಿ ವಾಂತಿಯ ವಾಸನೆ ಬರತೊಡಗುತ್ತದೆ. ಆ ವಾಸನೆ ಬಂದ ಟೆಂಟ್ ಮಳೆ ತಡೆಯುವುದಿಲ್ಲ. ಬಂದ ದಿನವೇ ನೆರಳಲ್ಲಿ ಹರಡಿ. ಬಾಲ್ಕನಿಯ ತಂತಿ, ತೆರೆದಿಟ್ಟ ಎರಡು ಬಾಗಿಲುಗಳ ಮೇಲೆ, ಫ್ಯಾನಿನ ಕೆಳಗೆ, ಎಲ್ಲಾದರೂ ಸರಿ. ಬಿಸಿಲು ಬೇಡ, ನೈಲಾನಿನ ಆಯುಷ್ಯ ತಿನ್ನುವುದು ಬಿಸಿಲೇ. ತಳವನ್ನು ಒಳಮೈ ಹೊರಗೆ ಮಾಡಿ ಹಾಕಿ. ಬಟ್ಟೆ ಒಣಗಿದಂತೆ ಕಂಡರೂ ಹೊಲಿಗೆಗಳು, ಹುರಿ ಕಟ್ಟುವ ಪಟ್ಟಿಗಳು ಇನ್ನೂ ಒದ್ದೆಯಿರುತ್ತವೆ, ಬೆರಳಿನಿಂದ ಹಿಚುಕಿ ನೋಡಿ. ಕೆಸರಿದ್ದರೆ ತಣ್ಣೀರು, ಸ್ಪಂಜು, ಒಂದಿಷ್ಟು ಸೌಮ್ಯ ಸೋಪು. ವಾಷಿಂಗ್ ಮೆಷಿನ್‌ಗೆ ಹಾಕಿದರೆ ಲೇಪ ಹರಿದುಹೋಗುತ್ತದೆ. ಜಿಪ್ಪಿನ ಹಲ್ಲನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಜಿಪ್ ಕೆಡುವುದು ಮರಳಿನಿಂದ.

ಇಡುವಾಗ ಆ ಚಿಕ್ಕ ಚೀಲಕ್ಕೆ ತುರುಕಬೇಡಿ. ಹಳೆಯ ದಿಂಬಿನ ಕವರಿನಲ್ಲಿ ಸಡಿಲವಾಗಿ ಇಡಿ. ಮಲಗುವ ಚೀಲವೂ ಹಾಗೆಯೇ, ಒತ್ತಿಟ್ಟರೆ ಒಳಗಿನ ತುಂಬು ಚಪ್ಪಟೆಯಾಗಿ ಮುಂದಿನ ಸಲ ಚಳಿ ತಡೆಯುವುದಿಲ್ಲ. ತಾರಸಿ ಕೆಳಗಿನ ಕಾದ ಅಟ್ಟ ಬೇಡ, ಬೀರುವಿನ ಮೇಲ್ಭಾಗ ಸಾಕು. ತಲೆದೀಪದ ಶೆಲ್ ತೆಗೆದಿಡಿ.

ಮರುದಿನ ತೊಡೆ ಹಿಡಿದುಕೊಳ್ಳುತ್ತದೆ. ಮೂರನೆಯ ದಿನ ಇನ್ನೂ ಜೋರು, ಮೆಟ್ಟಿಲಿಳಿಯುವಾಗ ಅಡ್ಡಡ್ಡ ಇಳಿಯುತ್ತೀರಿ. ಅದು ಸಹಜ. ಆ ಮೂರು ದಿನ ಮದುವೆ, ಗೃಹಪ್ರವೇಶ ಯಾವುದನ್ನೂ ಒಪ್ಪಿಕೊಳ್ಳದೆ ಸುಮ್ಮನೆ ಸಮತಟ್ಟಿನಲ್ಲಿ ಅರ್ಧ ಗಂಟೆ ನಡೆಯಿರಿ. ಸಹಜವಲ್ಲದ್ದು ಯಾವುದೆಂದು ಗೊತ್ತಿರಬೇಕು. ಎರಡೂ ಕಾಲು ಸಮವಾಗಿ ನೋಯುವುದು ಸ್ನಾಯುವಿನ ನೋವು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ದಿನದಿಂದ ದಿನಕ್ಕೆ ಹೆಚ್ಚಿದರೆ ಉಜ್ಜಿಸಿಕೊಳ್ಳಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ಅದರ ಬಣ್ಣ ಮೂತ್ರಪಿಂಡಕ್ಕೆ ಇಳಿಯುತ್ತಿದೆ ಎಂದು ಅರ್ಥ, ಅದಕ್ಕೂ ಕಾಯುವ ಹಾಗಿಲ್ಲ. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಹೆಚ್ಚು ನೆನಪಿಡಿ.

ಕೊನೆಯದು ಜ್ವರ. ಬೆಟ್ಟದಿಂದ ಬಂದು ಎರಡು ವಾರವಾದ ಮೇಲೆ ಜ್ವರ ಬಂದರೆ ಯಾರೂ ಬೆಟ್ಟವನ್ನು ನೆನೆಯುವುದಿಲ್ಲ. ಮೊಮ್ಮಗನ ಶೀತ ಹತ್ತಿತು ಅನ್ನುತ್ತೇವೆ. ಮಂಗನ ಕಾಯಿಲೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಕೆಸರು ನೀರಿನಲ್ಲಿ ಕಾಲಿಟ್ಟವರಿಗೆ ಬರುವ ಇಲಿಜ್ವರ ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ. ಪೊದೆಯ ನುಸಿಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಆರರಿಂದ ಇಪ್ಪತ್ತೊಂದು ದಿನಕ್ಕೆ, ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ನೋವಿಲ್ಲದ ಕಪ್ಪು ಹಕ್ಕಳೆ ಇರಬಹುದು, ಅದೂ ನೀವೇ ನೋಡದ ಜಾಗದಲ್ಲಿ. ಇಲಿಜ್ವರಕ್ಕೂ ಸ್ಕ್ರಬ್ ಟೈಫಸ್‌ಗೂ ಬೇಗ ಗೊತ್ತಾದರೆ ಸುಲಭದ ಔಷಧ ಇದೆ. ಗೊತ್ತಾಗಬೇಕಾದರೆ ವೈದ್ಯರಿಗೆ ಕಾಡಿನ ಸುದ್ದಿ ಹೇಳಬೇಕು, ಅವರು ಕೇಳದಿದ್ದರೂ ಹೇಳಬೇಕು.

ಒಂದು ಚೀಟಿ ಮಾಡಿ. ಯಾವ ಊರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಏನು ಕಚ್ಚಿತು, ಹೊಳೆ ದಾಟಿದಿರಾ, ಯಾವ ನೀರು ಕುಡಿದಿರಿ, ದಿನನಿತ್ಯದ ಮಾತ್ರೆಗಳು ಯಾವುವು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮನೆಗೆ ಬಂದ ದಿನದಿಂದ ಇಪ್ಪತ್ತೊಂದು ಎಣಿಸಿ ಆ ತಾರೀಖಿಗೆ ಒಂದು ಸುತ್ತು ಹಾಕಿ, ಚೀಟಿಯನ್ನು ಅಲ್ಲಿಯೇ ಪಿನ್ ಮಾಡಿ. ಸುತ್ತಿನ ದಿನ ಸುಮ್ಮನೆ ದಾಟಿದರೆ ಚೀಟಿ ಕಿತ್ತು, ಅದರ ಹಿಂದೆ ಮುಂದಿನ ಬೆಟ್ಟದ ಲೆಕ್ಕ ಬರೆಯಿರಿ.